ಬೆಂಚಿನಿಂದ ಎದ್ದು ಬರುವ ಎತ್ತರದ ಹುಡುಗ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅವನನ್ನು ಯಾಕೆ ಕಾಯಿಸುತ್ತದೆ?

2017ರ ಏಪ್ರಿಲ್ 1. ಅರಿಜೋನಾ ರಾಜ್ಯದ ಗ್ಲೆಂಡೇಲ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್. ಗೊನ್ಜಾಗ ವಿಶ್ವವಿದ್ಯಾಲಯದ ತಂಡ 14 ಪಾಯಿಂಟ್ ಮುಂದಿತ್ತು. ನೋಡನೋಡುತ್ತಿದ್ದಂತೆ ಸೌತ್ ಕ್ಯಾರೊಲಿನಾ ಸತತವಾಗಿ 16 ಪಾಯಿಂಟ್ ಗಳಿಸಿ 67-65ಕ್ಕೆ ಮುಂದೆ ಹೋಯಿತು. ಇಂಥ ಹೊತ್ತಿನಲ್ಲಿ ಚೆಂಡು ಸಾಮಾನ್ಯವಾಗಿ ಹೊರಗಿನಿಂದ ಆಟ ನಡೆಸುವ ಅನುಭವಿ ಗಾರ್ಡ್‌ಗಳ ಕೈಯಲ್ಲಿರುತ್ತದೆ. ಆದರೆ ದೂರದಿಂದ ಮೂರು ಪಾಯಿಂಟ್‌ನ ಶಾಟ್ ಹಾಕಿ ಗೊನ್ಜಾಗವನ್ನು ಮತ್ತೆ ಮುಂದೆ ತಂದದ್ದು ಏಳು ಅಡಿ ಎತ್ತರದ, 19 ವರ್ಷದ ಝಾಕ್ ಕಾಲಿನ್ಸ್. ಆ ಪಂದ್ಯದಲ್ಲಿ ಅವರ ಲೆಕ್ಕ 14 ಪಾಯಿಂಟ್, 13 ರಿಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿದದ್ದು), 6 ಬ್ಲಾಕ್ (ಎದುರಾಳಿಯ ಶಾಟನ್ನು ಗಾಳಿಯಲ್ಲೇ ತಡೆದದ್ದು). ಗೊನ್ಜಾಗ 77-73ರಿಂದ ಗೆದ್ದು, ತನ್ನ ಇತಿಹಾಸದಲ್ಲೇ ಮೊದಲ ಸಲ ಫೈನಲ್ ತಲುಪಿತು.

ಆ ಸೀಸನ್‌ನಲ್ಲಿ ಗೊನ್ಜಾಗ ಆಡಿದ್ದು 39 ಪಂದ್ಯ. ಅದರಲ್ಲಿ ಒಂದರಲ್ಲೂ ಕಾಲಿನ್ಸ್ ಮೊದಲ ಐವರಲ್ಲಿ ಇರಲಿಲ್ಲ. ಪ್ರತಿ ಸಲವೂ ಬೆಂಚಿನಿಂದ ಎದ್ದು ಬಂದವರೇ. ಆದರೂ ಮೂರು ತಿಂಗಳೊಳಗೆ ಎನ್‌ಬಿಎ ಡ್ರಾಫ್ಟ್‌ನಲ್ಲಿ ಹತ್ತನೆಯವರಾಗಿ ಆಯ್ಕೆಯಾದರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ.

ಅಮೆರಿಕದಲ್ಲಿರುವ ನಮ್ಮವರಿಗೆ ಮಾರ್ಚ್ ತಿಂಗಳು ಬಂತೆಂದರೆ ಈ ಆಟದಿಂದ ತಪ್ಪಿಸಿಕೊಳ್ಳುವುದು ಕಷ್ಟ. 68 ಕಾಲೇಜು ತಂಡಗಳ ನಾಕೌಟ್ ಟೂರ್ನಿ ಶುರುವಾಗುತ್ತದೆ. ಯಾರು ಯಾರನ್ನು ಸೋಲಿಸುತ್ತಾರೆ ಅಂತ ಆಫೀಸಿನಲ್ಲಿ ಎಲ್ಲರೂ ಪಟ್ಟಿ ತುಂಬುತ್ತಾರೆ. ಮಕ್ಕಳು ಶಾಲೆಯಿಂದ ಬಂದು ಅದನ್ನೇ ಮಾತಾಡುತ್ತಾರೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಆಗ ಏಳುವ ಪ್ರಶ್ನೆ ಸಹಜವಾದದ್ದೇ: ಅಷ್ಟು ಚೆನ್ನಾಗಿ ಆಡುವ ಹುಡುಗನನ್ನು ಬೆಂಚಿನಲ್ಲಿ ಯಾಕೆ ಕೂರಿಸುತ್ತಾರೆ? ಅದಕ್ಕೆ ಉತ್ತರ ಸಿಗಬೇಕಾದರೆ ಆಟದ ನಿಯಮ, ದೇಹದ ಬೆಳವಣಿಗೆ, ಫೌಲ್, ಡ್ರಾಫ್ಟ್ ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡಬೇಕು.

ಬೆಂಚು ಅಂದರೆ ಇಲ್ಲಿ ಏನು?

ಕ್ರಿಕೆಟ್‌ನಲ್ಲಿ ಹನ್ನೊಂದರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಾಮಾನ್ಯವಾಗಿ ಅವತ್ತಿನ ಕತೆ ಮುಗಿಯಿತು. ನೀರು ಕೊಂಡೊಯ್ಯಬೇಕು, ಇಲ್ಲವೇ ಫೀಲ್ಡಿಂಗ್‌ಗೆ ಇಳಿಯಬೇಕು, ಅಷ್ಟೇ. ಫುಟ್‌ಬಾಲ್‌ನ ದೊಡ್ಡ ಪಂದ್ಯಗಳಲ್ಲಿ ಒಮ್ಮೆ ಹೊರಗೆ ಬಂದವರು ವಾಪಸ್ ಹೋಗುವ ಹಾಗಿಲ್ಲ. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ಅಂಕಣದಲ್ಲಿ ಒಂದು ತಂಡದಿಂದ ಐವರು ಇರುತ್ತಾರೆ. ಆಟ ನಿಂತಾಗಲೆಲ್ಲ ಕೋಚ್ ಯಾರನ್ನು ಬೇಕಾದರೂ ಬದಲಾಯಿಸಬಹುದು, ಎಷ್ಟು ಸಲ ಬೇಕಾದರೂ. ಹೊರಗೆ ಬಂದವರು ಎರಡು ನಿಮಿಷ ಉಸಿರು ತಗೊಂಡು ಮತ್ತೆ ಒಳಗೆ ಹೋಗಬಹುದು.

ಪುರುಷರ ಕಾಲೇಜು ಪಂದ್ಯ 40 ನಿಮಿಷದ್ದು, 20 ನಿಮಿಷದ ಎರಡು ಭಾಗ. ಐದು ಜಾಗಕ್ಕೆ 40 ನಿಮಿಷದಂತೆ ಕೋಚ್ ಕೈಯಲ್ಲಿ ಹಂಚಲು ಒಟ್ಟು 200 ನಿಮಿಷ ಇರುತ್ತದೆ. ಸಾಮಾನ್ಯವಾಗಿ ಎಂಟು ಒಂಬತ್ತು ಜನರಿಗೆ ಅದು ಹಂಚಿಕೆಯಾಗುತ್ತದೆ. ಅಂದರೆ ಆಟ ಶುರುವಾದಾಗ ಕೂತಿರುವ ಮೂರು ನಾಲ್ಕು ಜನ ಪಂದ್ಯದ ಖಾಯಂ ಭಾಗ. ಅವರಲ್ಲಿ ಮೊದಲಿಗೆ ಎದ್ದು ಬರುವವನನ್ನು ಸಿಕ್ಸ್ತ್ ಮ್ಯಾನ್ ಅನ್ನುತ್ತಾರೆ. ಎನ್‌ಬಿಎಯಲ್ಲಿ ಈ ಪಾತ್ರಕ್ಕೆ ಅಂತಲೇ ಪ್ರತ್ಯೇಕ ಪ್ರಶಸ್ತಿ ಇದೆ.

ಹಾಗಾಗಿ ‘ಬೆಂಚ್ ಆಟಗಾರ’ ಅನ್ನುವುದನ್ನು ‘ಆಯ್ಕೆಯಾಗದವನು’ ಅಂತ ಓದಿಕೊಂಡರೆ ದಾರಿ ತಪ್ಪುತ್ತದೆ. ಯಾರು ಶುರು ಮಾಡಿದರು ಅನ್ನುವುದಕ್ಕಿಂತ ಯಾರು ಎಷ್ಟು ನಿಮಿಷ ಆಡಿದರು, ಕೊನೆಯ ಐದು ನಿಮಿಷದಲ್ಲಿ ಯಾರು ಅಂಕಣದಲ್ಲಿದ್ದರು ಅನ್ನುವುದು ಮುಖ್ಯ.

ಬಿಗ್ ಮ್ಯಾನ್ ಮಾಡುವ ಕೆಲಸ

ಬುಟ್ಟಿಯ ಹತ್ತಿರ ಆಡುವ ಎತ್ತರದವರಿಗೆ ಬಿಗ್ ಮ್ಯಾನ್ ಅನ್ನುತ್ತಾರೆ. ಜಾಗದ ಲೆಕ್ಕದಲ್ಲಿ ಹೇಳುವುದಾದರೆ ಸೆಂಟರ್ ಮತ್ತು ಪವರ್ ಫಾರ್ವರ್ಡ್. ರಿಂಗು ನೆಲದಿಂದ 10 ಅಡಿ ಮೇಲೆ, ಮೀಟರ್ ಲೆಕ್ಕದಲ್ಲಿ 3.05. ಏಳು ಅಡಿಯ ಹುಡುಗ ನಿಂತಲ್ಲಿಂದ ಕೈ ಎತ್ತಿದರೆ ರಿಂಗಿಗೆ ಗೇಣುಗಳ ಲೆಕ್ಕದಲ್ಲಿ ಮಾತ್ರ ಅಂತರ. ಅಷ್ಟಿದ್ದರೆ ಸಾಕು ಅಂತ ಅನ್ನಿಸಬಹುದು. ಸಾಲದು.

ಅವನ ಮೊದಲ ಕೆಲಸ ರಿಬೌಂಡ್. ಶಾಟ್ ತಪ್ಪಿ ರಿಂಗಿಗೆ ಬಡಿದು ಬಂದ ಚೆಂಡನ್ನು ಹಿಡಿಯುವುದು. ಇದು ಜಿಗಿತದ ಸ್ಪರ್ಧೆ ಅಂತ ಹೊರಗಿನವರಿಗೆ ಕಾಣುತ್ತದೆ. ನಿಜವಾಗಿ ಇದು ಜಾಗ ಹಿಡಿಯುವ ಕೆಲಸ. ಶಾಟ್ ಹೋದ ತಕ್ಷಣ ಚೆಂಡನ್ನು ನೋಡುತ್ತಾ ನಿಲ್ಲಬಾರದು. ಎದುರಾಳಿ ಎಲ್ಲಿದ್ದಾನೆ ಅಂತ ಹುಡುಕಿ, ಅವನಿಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಸೊಂಟದಿಂದ ಅವನನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಇದಕ್ಕೆ ಬಾಕ್ಸ್ ಔಟ್ ಅನ್ನುತ್ತಾರೆ. ಮುಂದಿನ ಸಲ ಪಂದ್ಯ ನೋಡುವಾಗ ಒಂದೇ ಒಂದು ಸಲ ಚೆಂಡನ್ನು ಬಿಟ್ಟು ಬುಟ್ಟಿ ಕೆಳಗಿನ ಕಾಲುಗಳನ್ನು ನೋಡಿ. ಅಲ್ಲಿ ಬೇರೆಯೇ ಪಂದ್ಯ ನಡೆಯುತ್ತಿರುತ್ತದೆ.

ಎರಡನೆಯದು ಸ್ಕ್ರೀನ್. ತನ್ನ ಗಾರ್ಡ್‌ನ ಹಿಂದೆ ಬಿದ್ದಿರುವ ಎದುರಾಳಿಗೆ ಅಡ್ಡ ನಿಂತು ಅವನನ್ನು ತಡೆಯುವುದು, ಆಮೇಲೆ ಸರಕ್ಕನೆ ಬುಟ್ಟಿಯ ಕಡೆ ತಿರುಗಿ ಓಡುವುದು. ಎದುರಾಳಿ ಬಂದು ತಾಗುವಾಗ ಒಂದು ಹೆಜ್ಜೆ ಅಲುಗಿದರೂ ಫೌಲ್. ಮೂರನೆಯದು ರಿಂಗ್ ಕಾಯುವುದು. ಗಾರ್ಡ್‌ಗಳನ್ನು ದಾಟಿ ಯಾರೇ ನುಗ್ಗಿ ಬಂದರೂ ಕೊನೆಗೆ ಎದುರಾಗುವುದು ಬಿಗ್ ಮ್ಯಾನ್. ತನ್ನ ಎದುರಾಳಿಯನ್ನು ಬಿಟ್ಟು ಅಲ್ಲಿಗೆ ಹೋಗಬೇಕಾ, ಬೇಡವಾ ಅಂತ ಅರೆಕ್ಷಣದಲ್ಲಿ ನಿರ್ಧರಿಸಬೇಕು. ಹಿಂದಿನಿಂದ ಇಡೀ ಅಂಕಣ ಕಾಣುವುದೂ ಅವನಿಗೇ. ಆದ್ದರಿಂದ ‘ಬಲಗಡೆ ಸ್ಕ್ರೀನ್ ಬಂತು’, ‘ಬಿಡು, ನಾನಿದ್ದೀನಿ’ ಅಂತ ಕೂಗಿ ಹೇಳುವ ಜವಾಬ್ದಾರಿಯೂ ಅವನದೇ.

ಇತ್ತೀಚಿನ ವರ್ಷಗಳಲ್ಲಿ ಇದರ ಮೇಲೆ ದೂರದಿಂದ ಶಾಟ್ ಹಾಕುವುದೂ ಸೇರಿಕೊಂಡಿದೆ. ಕಾಲಿನ್ಸ್ ಮೇಲೆ ಎನ್‌ಬಿಎ ತಂಡಗಳು ಕಣ್ಣಿಟ್ಟದ್ದಕ್ಕೆ ಅದೂ ಒಂದು ಕಾರಣ. ಏಳು ಅಡಿಯವನು ಮೂರು ಪಾಯಿಂಟ್ ಗೆರೆಯ ಆಚೆಯಿಂದ ಹೊಡೆಯಬಲ್ಲನಾದರೆ ಎದುರಿನ ಸೆಂಟರ್ ಬುಟ್ಟಿ ಬಿಟ್ಟು ಹೊರಗೆ ಬರಲೇಬೇಕಾಗುತ್ತದೆ.

ಹದಿನೆಂಟರ ಹುಡುಗ, ಇಪ್ಪತ್ತಮೂರರ ಗಂಡಸು

ಹೈಸ್ಕೂಲಿನಲ್ಲಿ ಆರು ಅಡಿ ಹತ್ತು ಇಂಚಿನ ಹುಡುಗನಿಗೆ ಎದುರು ನಿಲ್ಲುವವರು ಹೆಚ್ಚಾಗಿ ಆರೂ ಕಾಲು ಅಡಿಯವರು. ಬಾಕ್ಸ್ ಔಟ್ ಮಾಡದಿದ್ದರೂ ಕೈಚಾಚಿ ಚೆಂಡು ತಗೊಳ್ಳಬಹುದು. ಕಾಲೇಜಿಗೆ ಬಂದ ಮೊದಲ ವಾರವೇ ಆ ಅನುಕೂಲ ಹೋಗುತ್ತದೆ. ಎದುರಿಗೆ ನಿಲ್ಲುವವನು ಅಷ್ಟೇ ಎತ್ತರ, ನಾಲ್ಕು ವರ್ಷ ದೊಡ್ಡವನು, ಜಿಮ್‌ನಲ್ಲಿ ಗಟ್ಟಿಯಾದವನು. ಗಾರ್ಡ್ ಆಡುವ ಹುಡುಗನಿಗೆ ವೇಗ, ಕೈಚಳಕ ಹೈಸ್ಕೂಲಿನಿಂದಲೇ ಜೊತೆಗೆ ಬರುತ್ತವೆ. ಬಿಗ್ ಮ್ಯಾನ್‌ಗೆ ಬೇಕಾದ ಮೈಬಲ ಮಾತ್ರ ವಯಸ್ಸಿನ ಜೊತೆಗೇ ಬರಬೇಕು. ಕಾಲೇಜಿನಲ್ಲಿ ಗಾರ್ಡ್‌ಗಳಿಗಿಂತ ಎತ್ತರದವರು ನಿಧಾನಕ್ಕೆ ಪಕ್ವವಾಗುತ್ತಾರೆ ಅಂತ ಕೋಚ್‌ಗಳು ಹೇಳುವುದು ಇದಕ್ಕೇ.

ಗೊನ್ಜಾಗದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತಿತ್ತು. ಕಾಲಿನ್ಸ್ ಮುಂದೆ ಇದ್ದವರು ಪೋಲೆಂಡಿನ ಪ್ರಶೆಮೆಕ್ ಕರ್ನೋವ್ಸ್ಕಿ. ಏಳು ಅಡಿ ಒಂದು ಇಂಚು ಎತ್ತರ, ಸುಮಾರು 136 ಕಿಲೋ ತೂಕ, ವಯಸ್ಸು 23. ಕಾಲಿನ್ಸ್ ಅವರಿಗಿಂತ ಸುಮಾರು 30 ಕಿಲೋ ಕಡಿಮೆ. ಬುಟ್ಟಿಗೆ ಬೆನ್ನು ಕೊಟ್ಟು ನಿಂತು, ಎದುರಾಳಿಯನ್ನು ಒತ್ತುತ್ತಾ ಒಳಗೆ ಹೋಗುವುದು ಕರ್ನೋವ್ಸ್ಕಿ ಆಟ. ಎದುರಾಳಿ ಸೆಂಟರ್ ಅವರನ್ನು ತಡೆದೂ ತಡೆದೂ ಸುಸ್ತಾಗುತ್ತಿದ್ದ. ಆಗ ಅವರು ಹೊರಗೆ ಬಂದು ಹಗುರ ಮೈಯ, ಚುರುಕಾದ ಕಾಲಿನ್ಸ್ ಒಳಗೆ ಹೋಗುತ್ತಿದ್ದರು. ಕೋಚ್ ಮಾರ್ಕ್ ಫ್ಯೂ ಇಬ್ಬರನ್ನೂ ಒಂದೇ ಜಾಗದ ಎರಡು ಅಸ್ತ್ರಗಳಂತೆ ಬಳಸಿದರು. ಇದರಲ್ಲಿ ಇನ್ನೊಂದು ಲಾಭವೂ ಇತ್ತು. ಪ್ರಾಕ್ಟೀಸಿನಲ್ಲಿ ದಿನಾ ಕರ್ನೋವ್ಸ್ಕಿಗೆ ಎದುರು ನಿಂತವನಿಗೆ ಪಂದ್ಯದಲ್ಲಿ ಯಾರೂ ಅಷ್ಟೊಂದು ಭಾರ ಅನ್ನಿಸುವುದಿಲ್ಲ.

ಲಾಸ್ ವೇಗಸ್‌ನಿಂದ ಬಂದ ಕಾಲಿನ್ಸ್‌ಗೆ ಕಾಯುವುದು ಹೊಸತೂ ಆಗಿರಲಿಲ್ಲ. ಬಿಷಪ್ ಗೋರ್ಮನ್ ಹೈಸ್ಕೂಲಿನಲ್ಲೂ ತನಗಿಂತ ಹಿರಿಯ ಬಿಗ್ ಮ್ಯಾನ್‌ಗಳ ಹಿಂದೆ ವರ್ಷಗಟ್ಟಲೆ ಕೂತಿದ್ದವರು ಅವರು.

ಗೊನ್ಜಾಗ ಅನ್ನುವ ಹೆಸರು ಮಂಗಳೂರಿನವರಿಗೆ ಹೊಸದೇನಲ್ಲ. ಅಲ್ಲಿನ ಸೇಂಟ್ ಅಲೋಶಿಯಸ್ ಕಾಲೇಜಿಗೆ ಯಾವ ಸಂತರ ಹೆಸರಿದೆಯೋ ಅದೇ ಅಲೋಶಿಯಸ್ ಗೊನ್ಜಾಗರ ಹೆಸರು ವಾಷಿಂಗ್ಟನ್ ರಾಜ್ಯದ ಸ್ಪೊಕ್ಯಾನ್ ಊರಿನ ಈ ವಿಶ್ವವಿದ್ಯಾಲಯಕ್ಕೂ ಇದೆ. ಎರಡನ್ನೂ ಕಟ್ಟಿದವರು ಜೆಸ್ವಿಟ್ ಪಾದ್ರಿಗಳೇ.

ಐದು ಫೌಲ್‌ಗಳ ಲೆಕ್ಕ

ನನ್ನ ಪ್ರಕಾರ ಯುವ ಬಿಗ್ ಮ್ಯಾನ್ ಬೆಂಚಿನಲ್ಲಿರುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದು. ಟಿವಿಯಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಕೈಗೆ ಹೊಡೆಯುವುದು, ತಳ್ಳುವುದು, ಹಿಡಿದುಕೊಳ್ಳುವುದು, ಹಿಂದಿನಿಂದ ಮೇಲೆ ಬೀಳುವುದು, ಎಲ್ಲ ಫೌಲ್. ಕಾಲೇಜು ಆಟದಲ್ಲಿ ಒಬ್ಬನಿಗೆ ಐದು ಫೌಲ್ ಆದರೆ ಅವನು ಆ ಪಂದ್ಯದಿಂದ ಹೊರಗೆ, ಮತ್ತೆ ಬರುವಂತಿಲ್ಲ. ಎನ್‌ಬಿಎಯಲ್ಲಿ ಆರು ಫೌಲ್, ಆದರೆ ಅಲ್ಲಿ ಪಂದ್ಯ 48 ನಿಮಿಷದ್ದು. ಎರಡೂ ಕಡೆ ಲೆಕ್ಕ ಹಾಕಿದರೆ ಎಂಟು ನಿಮಿಷಕ್ಕೆ ಒಂದು ಫೌಲ್.

ಈ ಐದು ಫೌಲ್ ತಿಂಗಳ ಸಂಬಳ ಇದ್ದ ಹಾಗೆ. ಮೊದಲ ವಾರದಲ್ಲೇ ಅರ್ಧ ಖರ್ಚಾದರೆ ಉಳಿದ ದಿನ ಕೈ ಬಿಗಿ ಹಿಡಿಯಬೇಕು. ಮೊದಲ ಹತ್ತು ನಿಮಿಷದಲ್ಲಿ ಎರಡು ಫೌಲ್ ಆದವನನ್ನು ಬಹಳಷ್ಟು ಕೋಚ್‌ಗಳು ಮಧ್ಯಂತರದವರೆಗೆ ಬೆಂಚಿನಲ್ಲೇ ಕೂರಿಸುತ್ತಾರೆ. ಮೂರನೆಯದು ಬಿದ್ದರೆ ದ್ವಿತೀಯಾರ್ಧದಲ್ಲೂ ಅವನನ್ನು ನಂಬಿ ಆಡಿಸುವುದು ಕಷ್ಟ.

ಬುಟ್ಟಿಯ ಹತ್ತಿರ ಮೈಗೆ ಮೈ ತಾಗುವುದು ಜಾಸ್ತಿ. ಹಾಗಾಗಿ ಫೌಲ್‌ಗಳೂ ಬಿಗ್ ಮ್ಯಾನ್‌ಗಳಿಗೇ ಜಾಸ್ತಿ ಬೀಳುತ್ತವೆ. ಅವರಲ್ಲೂ ಹೊಸಬರಿಗೆ ಇನ್ನಷ್ಟು. ನುಗ್ಗಿ ಬಂದವನ ಮುಂದೆ ಕೈ ನೇರ ಮೇಲೆತ್ತಿ, ನಿಂತ ಜಾಗದಿಂದಲೇ ನೆಟ್ಟಗೆ ಜಿಗಿದರೆ ಡಿಕ್ಕಿಯಾದರೂ ಫೌಲ್ ಅಲ್ಲ. ಆದರೆ ಹೊಸಬನ ಕೈ ಚೆಂಡಿನ ಆಸೆಗೆ ತಂತಾನೇ ಕೆಳಗೆ ಬರುತ್ತದೆ. ಹೈಸ್ಕೂಲಿನಲ್ಲಿ ಅದು ಬ್ಲಾಕ್ ಆಗುತ್ತಿತ್ತು. ಕಾಲೇಜಿನಲ್ಲಿ ಎದುರಾಳಿ ಒಂದು ಕ್ಷಣ ತಡೆದು, ಹುಡುಗ ಜಿಗಿದ ಮೇಲೆ ಅವನ ಮೈಗೆ ತಾಗಿಕೊಂಡೇ ಶಾಟ್ ಹಾಕುತ್ತಾನೆ. ಸೀಟಿ ಊದುತ್ತದೆ. ಕೈ ಮೇಲೆಯೇ ಇಟ್ಟುಕೊಳ್ಳುವ ಅಭ್ಯಾಸ ಬರಲು ತಿಂಗಳುಗಳು ಬೇಕು.

ಹೊಸಬನನ್ನು ಮೊದಲ ಐವರಲ್ಲಿ ಇಳಿಸಿದರೆ ಎದುರಾಳಿ ಮೊದಲ ನಿಮಿಷದಿಂದಲೇ ಅವನ ಮೇಲೆ ನುಗ್ಗುತ್ತಾನೆ. ಅವನಿಗೆ ಬೇಗ ಎರಡು ಫೌಲ್ ಬಿದ್ದರೆ ಇಡೀ ಯೋಜನೆ ತಲೆಕೆಳಗಾಗುತ್ತದೆ. ಅನುಭವಿ ಶುರು ಮಾಡಿದರೆ ಹೊಸಬನಿಗೆ ಐದಾರು ನಿಮಿಷ ಬೆಂಚಿನಲ್ಲಿ ಕೂತು ನೋಡಲು ಸಿಗುತ್ತದೆ. ಅಂಪೈರ್‌ಗಳು ಇವತ್ತು ಬಿಗಿಯಾಗಿ ಊದುತ್ತಿದ್ದಾರಾ, ಸಡಿಲ ಬಿಟ್ಟಿದ್ದಾರಾ? ಎದುರಿನ ಸೆಂಟರ್ ಯಾವ ಭುಜದ ಮೇಲಿಂದ ತಿರುಗುತ್ತಾನೆ? ಇವೆಲ್ಲ ತಿಳಿದುಕೊಂಡೇ ಒಳಗೆ ಹೋಗಬಹುದು.

ಸೆಮಿಫೈನಲ್‌ನಲ್ಲಿ ಕರ್ನೋವ್ಸ್ಕಿ ಕಣ್ಣಿಗೆ ಪೆಟ್ಟು ಬಿದ್ದು ಸ್ವಲ್ಪ ಹೊತ್ತು ಡ್ರೆಸಿಂಗ್ ರೂಮಿಗೆ ಹೋಗಬೇಕಾಯಿತು. ಕಾಲಿನ್ಸ್‌ಗೆ ಹೆಚ್ಚು ನಿಮಿಷ ಸಿಕ್ಕಿತು, ಅದನ್ನು ಅವರು ಪೂರ್ತಿ ಬಳಸಿಕೊಂಡರು. ಎರಡು ದಿನದ ನಂತರ, ಏಪ್ರಿಲ್ 3ರ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಎದುರು ಕತೆ ತಿರುಗಿತು. ಅವತ್ತು ಎರಡೂ ತಂಡಗಳ ಮೇಲೆ ಸೇರಿ 44 ಫೌಲ್ ಊದಲಾಯಿತು. ಕಾಲಿನ್ಸ್ 9 ಪಾಯಿಂಟ್, 7 ರಿಬೌಂಡ್, 3 ಬ್ಲಾಕ್ ಮಾಡಿದ್ದು ಬರೀ 14 ನಿಮಿಷದಲ್ಲಿ. ಸುಮಾರು ಐದು ನಿಮಿಷ ಆಟ ಬಾಕಿ ಇರುವಾಗ ಐದನೇ ಫೌಲ್ ಬಿತ್ತು. ಹೊರಗೆ ನಡೆದರು. ಅದಾದ ಮೇಲೂ ಗೊನ್ಜಾಗ 65-63ಕ್ಕೆ ಮುಂದಿತ್ತು, ಎರಡು ನಿಮಿಷವೂ ಉಳಿದಿರಲಿಲ್ಲ. ಆಮೇಲೆ ನಾರ್ತ್ ಕ್ಯಾರೊಲಿನಾ ಸತತ ಎಂಟು ಪಾಯಿಂಟ್ ಹೊಡೆದು 71-65ರಿಂದ ಕಪ್ ಗೆದ್ದಿತು. ಕಾಲಿನ್ಸ್ ಇದ್ದಿದ್ದರೆ ಗೆಲ್ಲುತ್ತಿದ್ದರು ಅಂತ ಯಾರೂ ಖಚಿತವಾಗಿ ಹೇಳಲಾರರು. ಆ ಕೊನೆಯ ಐದು ನಿಮಿಷಕ್ಕೆ ತಮ್ಮ ಅತ್ಯುತ್ತಮ ಬ್ಲಾಕರ್ ಬೇಕು ಅಂತಲೇ ತಂಡಗಳು ಸೀಸನ್‌ಪೂರ್ತಿ ಫೌಲ್ ಎಣಿಸುತ್ತಾ ಕೂರುವುದು ಮಾತ್ರ ನಿಜ.

ಸರಾಸರಿಯ ಪಕ್ಕದಲ್ಲಿ ನಿಮಿಷ ನೋಡಿ

ಕಾಲಿನ್ಸ್ ಆ ಸೀಸನ್‌ನ ಸರಾಸರಿ 10 ಪಾಯಿಂಟ್, 5.9 ರಿಬೌಂಡ್. ಪರವಾಗಿಲ್ಲ ಅನ್ನುವಂಥ ಅಂಕಿ, ಅಲ್ವಾ? ಆದರೆ ಅವರು ಆಡಿದ್ದು ಪಂದ್ಯಕ್ಕೆ ಸರಾಸರಿ 17.3 ನಿಮಿಷ. ಅದನ್ನೇ 40 ನಿಮಿಷಕ್ಕೆ ಹಿಗ್ಗಿಸಿದರೆ ಸುಮಾರು 23 ಪಾಯಿಂಟ್, 13ಕ್ಕೂ ಹೆಚ್ಚು ರಿಬೌಂಡ್ ಆಗುತ್ತದೆ. ಎನ್‌ಬಿಎಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ನೋಡುವುದು ಈ ಲೆಕ್ಕವನ್ನು.

ಹಾಗಂತ ಈ ಗುಣಾಕಾರವನ್ನು ಸುಮ್ನೆ ನಂಬಿಬಿಡುವ ಹಾಗೂ ಇಲ್ಲ. ಬೆಂಚಿನಿಂದ ಬಂದವನು ಬಹಳಷ್ಟು ಹೊತ್ತು ಎದುರು ತಂಡದ ಬೆಂಚಿನವರ ಮೇಲೆಯೇ ಆಡುತ್ತಾನೆ. ಅವನಿಗೆ ದಣಿವೂ ಕಡಿಮೆ. ಇನ್ನೂ ಮುಖ್ಯವಾದದ್ದು, ಪಾಯಿಂಟನ್ನು ಹಿಗ್ಗಿಸಿದ ಹಾಗೆ ಫೌಲನ್ನೂ ಹಿಗ್ಗಿಸಬೇಕು. 17 ನಿಮಿಷಕ್ಕೆ ಮೂರು ಫೌಲ್ ಮಾಡುವವನು 40 ನಿಮಿಷ ಆಡುವುದು ಕಾಗದದ ಮೇಲೆ ಮಾತ್ರ.

ಅದೇ ಫೈನಲ್‌ನಲ್ಲಿ ಎದುರು ತಂಡದ ಬೆಂಚಿನಲ್ಲೂ ಇಂಥದ್ದೇ ಹುಡುಗನಿದ್ದ. ನಾರ್ತ್ ಕ್ಯಾರೊಲಿನಾದ ಟೋನಿ ಬ್ರ್ಯಾಡ್ಲಿ, ಅವರದ್ದೂ ಮೊದಲ ವರ್ಷ. ಕೆನಡಿ ಮೀಕ್ಸ್ ಮತ್ತು ಐಸಾಯಾ ಹಿಕ್ಸ್ ಅನ್ನುವ ಇಬ್ಬರು ಕೊನೆಯ ವರ್ಷದವರ ಹಿಂದೆ ಕೂತು, 15 ನಿಮಿಷದಷ್ಟು ಆಡುತ್ತಾ, 7.1 ಪಾಯಿಂಟ್ ಸರಾಸರಿ ಮಾಡಿದ್ದರು. ಅವರೂ ಆ ವರ್ಷವೇ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 28ನೆಯವರಾಗಿ ಆಯ್ಕೆಯಾದರು. ನಾರ್ತ್ ಕ್ಯಾರೊಲಿನಾಕ್ಕೆ ಇದು ಹಳೆಯ ರೂಢಿ. 2005ರಲ್ಲಿ ಕಪ್ ಗೆದ್ದ ಅವರ ತಂಡದ ಮಾರ್ವಿನ್ ವಿಲಿಯಮ್ಸ್ ಸೀಸನ್‌ಪೂರ್ತಿ ಬೆಂಚಿನಿಂದಲೇ ಬಂದವರು. ಆ ವರ್ಷದ ಡ್ರಾಫ್ಟ್‌ನಲ್ಲಿ ಅವರು ಎರಡನೆಯವರಾಗಿ ಹೋದರು. ಮುಂದೆ ದಂತಕತೆಯಾದ ಕ್ರಿಸ್ ಪಾಲ್ ಅವತ್ತು ನಾಲ್ಕನೆಯವರು.

ಒಂದೇ ಬೆಂಚಿನಿಂದ ಹೊರಟ ಮೂರು ದಾರಿ

2016-17ರ ಗೊನ್ಜಾಗ ಬೆಂಚಿನಲ್ಲಿ ಕಾಲಿನ್ಸ್ ಒಬ್ಬರೇ ಇರಲಿಲ್ಲ. ಅವರ ಜೊತೆಗೇ ಸೇರಿದ ಇನ್ನಿಬ್ಬರು ಎತ್ತರದ ಹುಡುಗರಿದ್ದರು. ಮೂವರ ದಾರಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ವಿಷಯ ಚೆನ್ನಾಗಿ ಅರ್ಥವಾಗುತ್ತದೆ.

ಕಾಲಿನ್ಸ್ ಒಂದೇ ವರ್ಷಕ್ಕೆ ಹೊರಟರು. ಹೈಸ್ಕೂಲ್ ಮುಗಿದು ಒಂದು ವರ್ಷವಾದರೂ ಆಗಿರಬೇಕು, ವಯಸ್ಸು 19 ಆಗಿರಬೇಕು ಅನ್ನುವ ನಿಯಮ ಎನ್‌ಬಿಎ ಡ್ರಾಫ್ಟ್‌ಗೆ 2006ರಿಂದ ಇದೆ. ಒಂದು ವರ್ಷ ಕಾಲೇಜಿನಲ್ಲಿ ಆಡಿ ಹೋಗಿಬಿಡುವವರಿಗೆ ‘ಒನ್ ಆ್ಯಂಡ್ ಡನ್’ ಅನ್ನುತ್ತಾರೆ. ಗೊನ್ಜಾಗದಿಂದ ಹಾಗೆ ಹೋದವರಲ್ಲಿ ಕಾಲಿನ್ಸ್ ಮೊದಲಿಗರು. ಬೆಂಚಿನವರಾದರೂ ಹೋದದ್ದು ಯಾಕೆ? ಮೊದಲ ಸುತ್ತಿನಲ್ಲಿ ಆಯ್ಕೆಯಾದವರಿಗೆ ಕನಿಷ್ಠ ಎರಡು ವರ್ಷದ ಸಂಬಳ ಖಾತರಿ. ಇನ್ನೊಂದು ವರ್ಷ ಕಾಲೇಜಿನಲ್ಲಿ ಉಳಿದು ಗಾಯವಾದರೆ ಅದು ಕೈತಪ್ಪಬಹುದು. ಮೊದಲ ಸುತ್ತು ಖಚಿತ ಅಂತ ಗೊತ್ತಾದ ಮೇಲೆ ಉಳಿಯುವವರು ಅಪರೂಪ. ಮುಂದೆ ಪೋರ್ಟ್‌ಲ್ಯಾಂಡ್ ತಂಡದಲ್ಲಿದ್ದಾಗ ಅವರಿಗೆ ಭುಜ, ಆಮೇಲೆ ಪಾದದ ಕೀಲು ಎರಡೂ ಕೈಕೊಟ್ಟು, ದೀರ್ಘಕಾಲ ಹೊರಗೆ ಉಳಿಯಬೇಕಾಯಿತು. ಚೇತರಿಸಿಕೊಂಡು ಸ್ಯಾನ್ ಆಂಟೋನಿಯೊ ತಂಡದ ಮೂಲಕ ಮತ್ತೆ ಎನ್‌ಬಿಎ ಅಂಕಣಕ್ಕೆ ಮರಳಿದರು.

ಎರಡನೆಯವರು ಫ್ರಾನ್ಸಿನ ಕಿಲಿಯನ್ ಟಿಲಿ. ಅವರದು ಕ್ರೀಡಾ ಕುಟುಂಬ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಫ್ರಾನ್ಸ್ ವಾಲಿಬಾಲ್ ತಂಡದ ಕೋಚ್ ಲೊರಾಂ ಟಿಲಿ ಇವರ ತಂದೆ. ಆ ಸೆಮಿಫೈನಲ್‌ನ ಕೊನೆಯ ಸೆಕೆಂಡುಗಳಲ್ಲಿ ಗೊನ್ಜಾಗ ಎರಡು ಪಾಯಿಂಟ್ ಮಾತ್ರ ಮುಂದಿತ್ತು. ತಪ್ಪಿದ ಫ್ರೀ ಥ್ರೋದ (ಫೌಲ್ ಆದಾಗ ಅಡ್ಡಿಯಿಲ್ಲದೆ ಹಾಕಲು ಸಿಗುವ ಶಾಟ್) ರಿಬೌಂಡ್ ಹಿಡಿದು, ಎದುರಾಳಿಯಿಂದ ಫೌಲ್ ಗಳಿಸಿ, ಎರಡೂ ಫ್ರೀ ಥ್ರೋ ಹಾಕಿ ಗೆಲುವು ಗಟ್ಟಿ ಮಾಡಿದ್ದು ಮೊದಲ ವರ್ಷದ ಈ ಬೆಂಚ್ ಹುಡುಗ. ಟಿಲಿ ನಾಲ್ಕೂ ವರ್ಷ ಉಳಿದರು. ಗಾಯಗಳು ಬಿಡಲಿಲ್ಲ. 2020ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಆದರೂ ಮೆಂಫಿಸ್ ತಂಡದಲ್ಲಿ ಜಾಗ ಗಿಟ್ಟಿಸಿಕೊಂಡರು.

ಮೂರನೆಯ ಹೆಸರು ರುಯಿ ಹಚಿಮುರ. ಜಪಾನಿನವರು. ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಬಿಗ್ ಮ್ಯಾನ್ ಕೂಗಿ ಹೇಳುವ ಕೆಲಸದ ಬಗ್ಗೆ ಮೇಲೆ ಬರೆದೆನಲ್ಲ, ಅದು ಭಾಷೆ ಬಾರದವನಿಗೆ ಎಷ್ಟು ಕಷ್ಟ ಅಂತ ಯೋಚಿಸಿ. ಮೊದಲ ವರ್ಷ ಅವರಿಗೆ ಸಿಕ್ಕಿದ್ದು ಪಂದ್ಯಕ್ಕೆ ಐದು ನಿಮಿಷವೂ ಇಲ್ಲ, ಸರಾಸರಿ 2.6 ಪಾಯಿಂಟ್. ಎರಡನೇ ವರ್ಷ ಹೆಚ್ಚಾಗಿ ಬೆಂಚಿನಿಂದಲೇ ಬಂದು 11.6. ಮೂರನೇ ವರ್ಷ ಮೊದಲ ಐವರಲ್ಲಿ ನಿಂತು 19.7. 2019ರ ಡ್ರಾಫ್ಟ್‌ನಲ್ಲಿ ರಾಜಧಾನಿ ವಾಷಿಂಗ್ಟನ್ನಿನ ತಂಡ ಅವರನ್ನು ಒಂಬತ್ತನೆಯವರಾಗಿ ಆರಿಸಿತು. ಮೊದಲ ಸುತ್ತಿನಲ್ಲಿ ಆಯ್ಕೆಯಾದ ಮೊದಲ ಜಪಾನಿ ಆಟಗಾರ ಅವರು. 2017ರಲ್ಲಿ ಆ ಬೆಂಚು ನೋಡಿದ ಯಾರಿಗಾದರೂ ಭರವಸೆಯ ಹುಡುಗ ಅಂದರೆ ಕಾಲಿನ್ಸ್ ಹೆಸರೇ ಬಾಯಿಗೆ ಬರುತ್ತಿತ್ತು. ಅವರ ಪಕ್ಕದಲ್ಲೇ, ಹೆಚ್ಚು ಯಾರ ಕಣ್ಣಿಗೂ ಬೀಳದೆ, ಅವರಿಗಿಂತ ಒಂದು ಸ್ಥಾನ ಮೇಲೆ ಆಯ್ಕೆಯಾಗಲಿದ್ದವರು ಕೂತಿದ್ದರು.

ಗಾಯ, ರೆಡ್‌ಶರ್ಟ್ ಮತ್ತು ಸರದಿ

ಬೆಂಚಿನಲ್ಲಿ ಯಾರ ಸರದಿ ಯಾವಾಗ ಬರುತ್ತದೆ ಅನ್ನುವುದು ಕೆಲವೊಮ್ಮೆ ಇನ್ನೊಬ್ಬರ ಬೆನ್ನುನೋವಿನ ಮೇಲೆ ನಿಂತಿರುತ್ತದೆ. ಇದು ಅಕ್ಷರಶಃ ಗೊನ್ಜಾಗದಲ್ಲಿ ನಡೆದದ್ದು.

2014-15ರಲ್ಲಿ ಅಲ್ಲಿ ಲಿಥುವೇನಿಯಾದ ಡೊಮಾಂಟಸ್ ಸಬೋನಿಸ್ ಮೊದಲ ವರ್ಷದ ಬೆಂಚ್ ಬಿಗ್ ಮ್ಯಾನ್. ಕರ್ನೋವ್ಸ್ಕಿ ಮುಂದಿದ್ದರು. ಮರುವರ್ಷ ಕರ್ನೋವ್ಸ್ಕಿ ಐದು ಪಂದ್ಯ ಆಡುವಷ್ಟರಲ್ಲಿ ಬೆನ್ನು ಕೈಕೊಟ್ಟು ಶಸ್ತ್ರಚಿಕಿತ್ಸೆ ಆಯಿತು. ಸಬೋನಿಸ್ ಮೇಲೆ ಪೂರ್ತಿ ಭಾರ ಬಿತ್ತು. ಅವರು 17.6 ಪಾಯಿಂಟ್, 11.8 ರಿಬೌಂಡ್ ಸರಾಸರಿ ಮಾಡಿ 2016ರಲ್ಲಿ ಡ್ರಾಫ್ಟ್‌ಗೆ ಹೋದರು. ಮುಂದೆ ಎನ್‌ಬಿಎಯಲ್ಲಿ ರಿಬೌಂಡ್ ಪಟ್ಟಿಯ ತುದಿಗೇರಿದ ಆಟಗಾರ ಅವರೇ.

ಅತ್ತ, ಗಾಯದಿಂದ ಸೀಸನ್ ಕಳೆದುಕೊಂಡ ಕರ್ನೋವ್ಸ್ಕಿಗೆ ಇನ್ನೊಂದು ವರ್ಷ ಆಡಲು ಅನುಮತಿ ಸಿಕ್ಕಿತು. ಹೀಗಾಗಿ 2016-17ರಲ್ಲಿ ಅವರು ವಾಪಸ್ ಬಂದರು. ಕಾಲಿನ್ಸ್ ಬೆಂಚಿನಲ್ಲಿ ಕೂತರು. ಆ ಬೆನ್ನು ಗಟ್ಟಿಯಾಗಿದ್ದಿದ್ದರೆ ಕರ್ನೋವ್ಸ್ಕಿ ಅಷ್ಟರಲ್ಲಿ ಓದು ಮುಗಿಸಿ ಹೋಗಿರುತ್ತಿದ್ದರು, ಕಾಲಿನ್ಸ್ ಮೊದಲ ದಿನದಿಂದಲೇ ಮೊದಲ ಐವರಲ್ಲಿ ಇರುವ ಸಾಧ್ಯತೆ ಜಾಸ್ತಿಯಿತ್ತು.

ಇದಲ್ಲದೆ ರೆಡ್‌ಶರ್ಟ್ ಅನ್ನುವ ಪದ್ಧತಿ ಇದೆ. ಕಾಲೇಜು ಆಟಗಾರನಿಗೆ ಸಾಮಾನ್ಯವಾಗಿ ನಾಲ್ಕು ಸೀಸನ್ ಆಡಲು ಅವಕಾಶ. ಒಂದು ವರ್ಷ ಒಂದೂ ಪಂದ್ಯ ಆಡದೆ, ಬರೀ ಪ್ರಾಕ್ಟೀಸ್ ಮತ್ತು ಜಿಮ್ ಮಾಡುತ್ತಾ ಉಳಿದರೆ ಆ ವರ್ಷ ನಾಲ್ಕರ ಲೆಕ್ಕಕ್ಕೆ ಬರುವುದಿಲ್ಲ. ಕೆನಡಾದ ಕೆಲ್ಲಿ ಒಲಿನಿಕ್ ಗೊನ್ಜಾಗದಲ್ಲಿ ಎರಡು ವರ್ಷ ಆಡಿದ ಮೇಲೆ, ಅಷ್ಟೇನೂ ಹೆಸರು ಮಾಡದಿದ್ದಾಗ, 2011-12ರಲ್ಲಿ ಹೀಗೆ ಇಡೀ ವರ್ಷ ಹೊರಗೆ ಉಳಿದರು. ಮೈ ಗಟ್ಟಿ ಮಾಡಿಕೊಂಡರು. ಮರುವರ್ಷ 17.8 ಪಾಯಿಂಟ್ ಸರಾಸರಿಯೊಂದಿಗೆ ದೇಶದ ಅತ್ಯುತ್ತಮ ಆಟಗಾರರ ಸಾಲಿಗೆ ಸೇರಿದರು.

ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಕೂಡ ಇದೇ ಅಮೆರಿಕನ್ ಕಾಲೇಜು ವ್ಯವಸ್ಥೆಯಲ್ಲಿ, ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಮಹಿಳಾ ತಂಡದಲ್ಲಿ ಆಡಿದವರು. ಕಂಠೀರವದ ಅಂಕಣದಲ್ಲಿ ಆಡುವ ಎತ್ತರದ ಮಕ್ಕಳಿಗೆ ಈ ನಿಯಮಗಳು ದೂರದ ಸುದ್ದಿಯಲ್ಲ.

ದುಡ್ಡು, ವರ್ಗಾವಣೆ ಬಂದ ಮೇಲೆ

ಕಾಲಿನ್ಸ್ ಕಾಲಕ್ಕೂ ಈಗಿನ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಆಗ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2017ರ ಗೊನ್ಜಾಗ ತಂಡದಲ್ಲೇ ನೈಜೆಲ್ ವಿಲಿಯಮ್ಸ್-ಗಾಸ್, ಜೊನಾಥನ್ ವಿಲಿಯಮ್ಸ್ ಇಬ್ಬರೂ ಹಾಗೆ ಕೂತು ಬಂದವರು. 2021ರಿಂದ ಒಂದು ಸಲ ಹಾಗೆ ಕೂರದೆ ಬದಲಾಗಲು ಬಿಟ್ಟರು. 2024ರಲ್ಲಿ, ಓದಿನ ಷರತ್ತು ಪೂರೈಸಿದರೆ, ಎಷ್ಟು ಸಲ ಬೇಕಾದರೂ ಅಂತಾಯಿತು. ತಂಡ ಬಿಡುವವರು ಹೆಸರು ಹಾಕುವ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುತ್ತಾರೆ.

2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. 2025ರಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷ ಎಲ್ಲ ಆಟಗಳೂ ಸೇರಿ ಒಂದು ವಿಶ್ವವಿದ್ಯಾಲಯಕ್ಕೆ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಬೆಂಚಿನ ಬಿಗ್ ಮ್ಯಾನ್‌ಗೆ ಇದರ ಅರ್ಥ ಏನು? ಒಂದು ಕಡೆ 15 ನಿಮಿಷ ಚೆನ್ನಾಗಿ ಆಡಿದವನಿಗೆ ಇನ್ನೊಂದು ಕಡೆ 30 ನಿಮಿಷದ ಜೊತೆಗೆ ಹೆಚ್ಚು ದುಡ್ಡೂ ಸಿಗಬಹುದು. ಕೋಚ್‌ಗೂ ಅಷ್ಟೇ. ಹದಿನೆಂಟರ ಹುಡುಗ ಬೆಳೆಯಲಿ ಅಂತ ಮೂರು ವರ್ಷ ಕಾಯುವ ಬದಲು ಬೇರೆ ಕಾಲೇಜಿನಲ್ಲಿ ಬೆಳೆದ 22 ವರ್ಷದವನನ್ನು ಕರೆತರಬಹುದು. ಹಚಿಮುರ ಥರದವರಿಗೆ ಈಗ ಅಷ್ಟು ಸಮಯ ಸಿಗುತ್ತದಾ ಅನ್ನುವುದು ಈ ಆಟವನ್ನು ಹತ್ತಿರದಿಂದ ನೋಡುವವರ ನಿಜವಾದ ಆತಂಕ.

ಕಾಯುವವರು ಪೂರ್ತಿ ಇಲ್ಲವಾಗಿಲ್ಲ. ಇಲಿನಾಯ್ ರಾಜ್ಯದಿಂದ ಗೊನ್ಜಾಗಕ್ಕೆ ಬಂದ ಬ್ರೇಡನ್ ಹಫ್, ಆರು ಅಡಿ ಹತ್ತು ಇಂಚಿನ ಬಿಗ್ ಮ್ಯಾನ್, 2022-23ರಲ್ಲಿ ರೆಡ್‌ಶರ್ಟ್ ಆದರು. ಮರುವರ್ಷ ಅವರು ಆಡಬೇಕಾದ ಜಾಗ ತೆರವಾಯಿತು ಅನ್ನುವಷ್ಟರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದಿಂದ ಅನುಭವಿ ಗ್ರಹಾಂ ಐಕ್ ವರ್ಗವಾಗಿ ಬಂದು ಮೊದಲ ಐವರಲ್ಲಿ ನಿಂತರು. ಹಫ್ ಪೋರ್ಟಲ್‌ಗೆ ಹೆಸರು ಹಾಕಲಿಲ್ಲ. 2023-24, 2024-25 ಎರಡೂ ಸೀಸನ್ ಹೆಚ್ಚಾಗಿ ಬೆಂಚಿನಿಂದಲೇ ಎದ್ದು ಬಂದರು. 2025-26ರಲ್ಲಿ ಐಕ್ ಪಕ್ಕದಲ್ಲೇ ಮೊದಲ ಐವರಲ್ಲಿ ನಿಂತರು.